ಹುಟ್ಟುಹಬ್ಬದ ಊಟ ಎಲ್ಲಿ?

ಮಗುವಿನ ಹುಟ್ಟುಹಬ್ಬ ಸಮೀಪಿಸುತ್ತಿದ್ದಂತೆ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಮೊದಲು ಏಳುವ ಪ್ರಶ್ನೆ ‘ಯಾರನ್ನು ಕರೆಯೋಣ?’ ಎಂಬುದಲ್ಲ, ‘ಎಲ್ಲಿ ಮಾಡೋಣ?’ ಎಂಬುದು. ಹೋಟೆಲಿನ ಹವಾನಿಯಂತ್ರಿತ ಕೊಠಡಿಯೇ, ಬಾಡಿಗೆಯ ಸಭಾಂಗಣವೇ, ಇಗರ್ಜಿಯ ಸಭಾಭವನವೇ, ಅನಾಥಾಶ್ರಮವೇ, ಮನೆಯಂಗಳವೇ ಎಂಬ ಚರ್ಚೆ ತಿಂಗಳ ಮೊದಲೇ ಆರಂಭವಾಗುತ್ತದೆ. ಸ್ಥಳ ನಿಶ್ಚಯವಾದ ಬಳಿಕ ಅತಿಥಿಗಳ ಪಟ್ಟಿಯನ್ನು ಅದಕ್ಕೆ ಹೊಂದುವಂತೆ ಕತ್ತರಿಸಲಾಗುತ್ತದೆ. ಇದು ಸಣ್ಣ ವಿಷಯವೆಂದು ನಮಗೆ ತೋರುವುದಿಲ್ಲ.

ಸ್ಥಳವೆಂದರೇನು ಎಂಬುದನ್ನು ವಿಚಾರಿಸಿದ ಅರಿಸ್ಟಾಟಲನು, ಒಂದು ವಸ್ತುವನ್ನು ಒಳಗೊಂಡಿರುವುದರ ಒಳ ಎಲ್ಲೆಯೇ ಆ ವಸ್ತುವಿನ ಸ್ಥಳವೆಂದು ನಿರ್ಣಯಿಸಿದನು. ಸೆಮಿನರಿಯ ಪಾಠವನ್ನು ಕೇಕಿನ ಮೇಜಿನ ಬಳಿಗೆ ತಂದೆವೆಂದು ಓದುಗರು ಮುಗುಳ್ನಕ್ಕರೂ ಅಡ್ಡಿಯಿಲ್ಲ. ಎಲ್ಲೆ ಎಂಬ ಮಾತು ಇಲ್ಲಿ ಚೆನ್ನಾಗಿ ಸಲ್ಲುತ್ತದೆ. ತಲೆಗಿಷ್ಟು ಎಂದು ಲೆಕ್ಕ ಕಟ್ಟುವ ಹೋಟೆಲಿನಲ್ಲಿ 50 ತಟ್ಟೆಗಳಿಗೆ ಮುಂಗಡ ಕೊಟ್ಟವರು 51ನೆಯವರನ್ನು ಬಿಡಲೇಬೇಕು. ಬಿಡುವುದು ಯಾರನ್ನು? ಕಚೇರಿಯ ಮೇಲಧಿಕಾರಿಯನ್ನಂತೂ ಅಲ್ಲ. ಮನೆಗೆಲಸಕ್ಕೆ ಬರುವ ಹೆಂಗಸಿನ ಮಗುವನ್ನು, ಮೆಟ್ಟಿಲು ಹತ್ತಲಾರದ ನೆರೆಮನೆಯ ವೃದ್ಧೆಯನ್ನು, ಬಸ್ಸಿನ ಹಣ ಹೊಂದಿಸಿಕೊಂಡು ಬರಬೇಕಾದ ಹಳ್ಳಿಯ ಚಿಕ್ಕಪ್ಪನನ್ನು. ಕರೆದರೂ ಇಂಥವರು ಬರಲು ಹಿಂಜರಿಯುತ್ತಾರೆ; ಉಡುಗೊರೆ ಯಾವ ಬೆಲೆಯದಾಗಿರಬೇಕೆಂದು ಆ ಸ್ಥಳವೇ ಮೌನವಾಗಿ ಹೇಳಿಬಿಡುತ್ತದೆ. ಮರುದಿನ ತರಗತಿಯಲ್ಲಿ ‘ನೀನೇಕೆ ಬರಲಿಲ್ಲ?’ ಎಂದು ಕೇಳಿದಾಗ ‘ಹುಷಾರಿರಲಿಲ್ಲ’ ಎಂದು ಸುಳ್ಳು ಹೇಳಬೇಕಾಗಿ ಬರುವ ಮಗುವಿನ ಸಂಕಟ ನಮ್ಮ ಖರ್ಚಿನ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಪವಿತ್ರ ಗ್ರಂಥದಲ್ಲಿ ಹೆಸರಿಸಿ ಹೇಳಿದ ಹುಟ್ಟುಹಬ್ಬದ ಔತಣಗಳೆರಡೂ ಅರಮನೆಯವು. ಆದಿಕಾಂಡದ ಫರೋಹನು ತನ್ನ ಜನ್ಮದಿನದಂದು ರೊಟ್ಟಿಗಾರರ ಮುಖ್ಯಸ್ಥನನ್ನು ಗಲ್ಲಿಗೇರಿಸಿದನು. ಹೆರೋದನ ಔತಣದಲ್ಲಿ ಸ್ನಾನಿಕ ಯೊವಾನ್ನರ ಶಿರಚ್ಛೇದವಾಯಿತು. ಅಂದು ಅಲ್ಲಿ ಊಟಕ್ಕಿದ್ದವರು ಯಾರೆಂಬುದನ್ನು ಸಂತ ಮಾರ್ಕರು ಬರೆದಿಟ್ಟಿದ್ದಾರೆ: ಆಸ್ಥಾನದ ಅಧಿಕಾರಿಗಳು, ಸೇನಾಪತಿಗಳು, ಗಲಿಲೇಯದ ಗಣ್ಯರು. ಅಷ್ಟು ದೊಡ್ಡವರ ಮುಂದೆ ಆಡಿದ ಮಾತನ್ನು ಹಿಂದೆಗೆಯಲು ಅರಸನಿಗೆ ನಾಚಿಕೆಯಾಯಿತು. ಗಣ್ಯರನ್ನು ಮೆಚ್ಚಿಸಲು ಹೊರಟ ಔತಣ ಎಲ್ಲಿಗೆ ಮುಟ್ಟೀತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮೂರನೆಯ ಶತಮಾನದ ಒರಿಜೆನ್ ಈ ಎರಡು ಪ್ರಸಂಗಗಳನ್ನೇ ಮುಂದಿಟ್ಟು ಹುಟ್ಟುಹಬ್ಬದ ಆಚರಣೆಯನ್ನೇ ಖಂಡಿಸಿದ್ದುಂಟು.

ಧರ್ಮಸಭೆ ಅಷ್ಟು ಕಠಿಣವಾಗಲಿಲ್ಲ. ಸಂತರನ್ನು ಸಾಮಾನ್ಯವಾಗಿ ಅವರು ಮೃತರಾದ ದಿನದಂದು ಸ್ಮರಿಸುವ ಧರ್ಮಸಭೆ, ಪ್ರಭು ಯೇಸುವಿನ ಜನನದೊಂದಿಗೆ ಯೊವಾನ್ನರ ಜನನವನ್ನು ಜೂನ್ 24ರಂದೂ ಮಾತೆ ಮರಿಯಳ ಜನನವನ್ನು ಸೆಪ್ಟೆಂಬರ್ 8ರಂದೂ ಆಚರಿಸುತ್ತದೆ. ಈ ಕೊನೆಯದು ನಮ್ಮ ಕರಾವಳಿಯ ಮೊಂತಿ ಹಬ್ಬ. ಮಕ್ಕಳು ಹೂವು ಅರ್ಪಿಸುತ್ತಾರೆ, ಇಗರ್ಜಿಯಲ್ಲಿ ಹೊಸ ತೆನೆಗೆ ಆಶೀರ್ವಾದವಾಗುತ್ತದೆ, ಊಟ ಮಾತ್ರ ಮನೆಯಲ್ಲಿಯೇ. ದೂರದೇಶದಲ್ಲಿರುವ ಮಕ್ಕಳಿಗೆ ಆಶೀರ್ವದಿಸಿದ ಭತ್ತದ ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದ ತಾಯಂದಿರು ನಮ್ಮಲ್ಲಿ ಎಷ್ಟು ಮಂದಿ! ಬರಲಾರದವರಿಗೂ ಆ ಊಟದಲ್ಲಿ ಪಾಲಿತ್ತು.

ಸಂತ ಅಗುಸ್ತೀನರ ಜನ್ಮದಿನವೊಂದರ ವಿವರವೂ ನಮಗೆ ದೊರೆತಿದೆ. 386ರ ನವೆಂಬರ್ 13ರಂದು ಅವರಿಗೆ 32 ತುಂಬಿತು. ದೀಕ್ಷಾಸ್ನಾನ ಇನ್ನೂ ಆಗಿರಲಿಲ್ಲ. ಮಿಲಾನ್ ನಗರದ ಹೊರಗೆ ಕಸಿಚಿಯಾಕುಮ್ ಎಂಬಲ್ಲಿ ಸ್ನೇಹಿತನೊಬ್ಬ ಬಿಟ್ಟುಕೊಟ್ಟ ಹಳ್ಳಿಮನೆ ಅವರ ಬಿಡಾರ. ಬುದ್ಧಿಗೆ ಜಡತೆ ಬಾರದಷ್ಟು ಹಗುರವಾದ ಊಟ ಮುಗಿಸಿ ಎಲ್ಲರೂ ಆ ಮನೆಯ ಸ್ನಾನಗೃಹದಲ್ಲಿ ಕುಳಿತರು. ಆ ಋತುವಿಗೆ ತಕ್ಕ ಪ್ರಶಾಂತ ಜಾಗ ಅದಾಗಿತ್ತು. ಸುಖಿ ಯಾರು ಎಂಬ ಮಾತುಕತೆ ಮೂರು ದಿನ ನಡೆಯಿತು. ಮೂರನೆಯ ದಿನ ಬಿಸಿಲು ಬಿದ್ದುದರಿಂದ ಹುಲ್ಲುಗಾವಲಿಗೆ ಇಳಿದರು. ಅಲ್ಲಿದ್ದವರು ತಾಯಿ ಮೋನಿಕಾ, ಸಹೋದರ, ಇಬ್ಬರು ಶಿಷ್ಯರು, ಎಲ್ಲರಿಗಿಂತ ಕಿರಿಯನಾದ ಮಗ ಅದೆಯೊದಾತುಸ್ ಮತ್ತು ವ್ಯಾಕರಣದ ಶಾಲೆಯನ್ನೇ ಕಾಣದ ಇಬ್ಬರು ದಾಯಾದಿ ಸೋದರರು. ಅಲಂಕಾರಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅಗುಸ್ತೀನರು, ಈ ಇಬ್ಬರು ತಪ್ಪಿಹೋಗಬಾರದೆಂದು ತಾವು ಬಯಸಿದುದನ್ನು ಪ್ರತ್ಯೇಕವಾಗಿ ಬರೆದಿದ್ದಾರೆ. ಶಾಸ್ತ್ರ ಓದದ ತಾಯಿಯ ಉತ್ತರ ಕೇಳಿ ಮಗನೇ ಬೆರಗಾದದ್ದೂ ಅಲ್ಲಿಯೇ. ಹೆರೋದನ ಪಟ್ಟಿಯ ಪಕ್ಕದಲ್ಲಿ ಈ ಪಟ್ಟಿಯನ್ನಿಟ್ಟು ನೋಡಬೇಕು.

ಹಾಗಾದರೆ ಹೋಟೆಲು ಪಾಪವೇ? ಅಲ್ಲ. ಒಂದೇ ಕೋಣೆಯ ಮನೆಯಲ್ಲಿರುವವರು, ದುಡಿದು ದಣಿದು ಬರುವ ತಾಯಂದಿರು ಹೊರಗೆ ಊಟ ಮಾಡಿಸಿದರೆ ನಾವು ಆಕ್ಷೇಪಿಸುವುದಿಲ್ಲ. ಮೊದಲು ಕರೆಯಬೇಕಾದವರನ್ನು ಬರೆದುಕೊಂಡು, ಅವರಲ್ಲಿ ಬರಲು ಅತ್ಯಂತ ಕಷ್ಟವಾಗುವವರು ಯಾರೋ ಅವರಿಗೆ ಅನುಕೂಲವಾದ ಸ್ಥಳವನ್ನು ಹುಡುಕಬೇಕೆಂಬುದಷ್ಟೇ ನಮ್ಮ ಕೋರಿಕೆ. ಮನೆಯಂಗಳವಾದರೆ ಬಾವಿಗೆ ಮುಚ್ಚಳವಿರಲಿ. ಮಳೆಗಾಲದಲ್ಲಿ ಹುಟ್ಟಿದವರಿಗೆ ಸಭಾಭವನವೇ ಲೇಸು. ಅಲ್ಲಿಯಾದರೂ ಒಂದು ವರ್ಷದ ಕೂಸಿನ ಕಿವಿಯ ಬಳಿ ಧ್ವನಿವರ್ಧಕ ಬೇಡ. ಇಗರ್ಜಿಯೊಳಗೇ ಕೇಕು ಕತ್ತರಿಸಬಹುದೇ ಎಂದು ಕೇಳುವವರೂ ಇದ್ದಾರೆ. 1983ರ ಧರ್ಮಸಭಾ ಕಾನೂನಿನ 1210ನೆಯ ವಿಧಿಯಂತೆ ಪವಿತ್ರ ಸ್ಥಳವಿರುವುದು ಆರಾಧನೆ ಮತ್ತು ಭಕ್ತಿಗಾಗಿ. ಮಗುವನ್ನು ಬಲಿಪೂಜೆಗೆ ಕರೆತನ್ನಿ, ಕೇಕು ಹೊರಗಿರಲಿ.

ಆಶ್ರಮದ ವಿಷಯದಲ್ಲಿ ತುಸು ನಿಷ್ಠುರವಾಗಿ ಹೇಳಬೇಕಾಗಿದೆ. ಬಡವರನ್ನು ಊಟಕ್ಕೆ ಕರೆ ಎಂದು ಪ್ರಭು ಯೇಸು ಹೇಳಿದುದು ಆತಿಥೇಯನಿಗೆ. ಬಡವರ ಮನೆಗೆ ಹೋಗಿ ನಾವೇ ಮೆರೆಯಬೇಕೆಂದಲ್ಲ. ತಮ್ಮ ಜನ್ಮದಿನವೇ ತಿಳಿಯದ ಮಕ್ಕಳೂ ಇರಬಹುದಾದ ಮನೆಯಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿ, ನಮ್ಮ ಮಗುವಿಗಾಗಿ ಹಾಡಿಸಿ, ಛಾಯಾಚಿತ್ರ ತೆಗೆಸಿ, ಪೊಟ್ಟಣ ಹಂಚಿ ಅರ್ಧ ಗಂಟೆಯಲ್ಲಿ ಹೊರಟುಬರುವುದು ದಾನವಲ್ಲ. ಹೋಗುವುದಿದ್ದರೆ ಅಲ್ಲಿನ ಭಗಿನಿಯರನ್ನು ಮೊದಲೇ ಕೇಳಿ, ಅವರ ಊಟದ ವೇಳೆಗೆ, ಅವರದೇ ಪಂಕ್ತಿಯಲ್ಲಿ ಕುಳಿತುಣ್ಣಿರಿ. ಅದಕ್ಕಿಂತ ಮೇಲಾದ ದಾರಿಯೂ ಇದೆ. ಅಲ್ಲಿನ ಒಂದು ಮಗುವಿನ ಹುಟ್ಟುಹಬ್ಬ ಯಾವತ್ತೆಂದು ತಿಳಿದುಕೊಂಡು, ಆ ದಿನ ನಿಮ್ಮ ಮಗುವಿನ ಕೈಗೆ ಚಿಕ್ಕ ಉಡುಗೊರೆಯೊಂದನ್ನು ಕೊಟ್ಟು, ಅತಿಥಿಯಾಗಿ ಕರೆದೊಯ್ಯಿರಿ.