ಕಾಣೆಯಾದ ಗಂಡ, ಕಾಯುವ ಹೆಂಡತಿ

ಗಂಡ ಊರು ಬಿಟ್ಟು ಹೋದನು. ಕಾಗದವಿಲ್ಲ, ಹಣವಿಲ್ಲ, ಬದುಕಿರುವನೆಂಬ ಸುದ್ದಿಯೂ ಇಲ್ಲ. ಅಂಥವನ ಮಡದಿ ಎಷ್ಟು ಕಾಲ ಕಾಯಬೇಕು? ಭಾರತದ ಮುಸಲ್ಮಾನರಲ್ಲಿ ಬಹುಪಾಲು ಜನರು ಅನುಸರಿಸುವ ಹನಫಿ ಪಂಥದ ಹಳೆಯ ಮತದಂತೆ, ಗಂಡನ ಓರಗೆಯವರೆಲ್ಲ ತೀರಿಕೊಳ್ಳುವವರೆಗೆ. ಕೆಲವರ ಲೆಕ್ಕದಲ್ಲಿ ಅವನಿಗೆ ತೊಂಬತ್ತು ತುಂಬುವವರೆಗೆ! ಇಪ್ಪತ್ತರ ಹೆಣ್ಣಿಗೆ ಇದಕ್ಕಿಂತ ಕಠಿಣ ಶಿಕ್ಷೆ ಯಾವುದು?

ಬೇರೆ ದಾರಿ ಕಾಣದೆ ಪಂಜಾಬಿನಲ್ಲಿ ಹಲವು ಸ್ತ್ರೀಯರು ಮತವನ್ನೇ ತೊರೆದರು. ಮತ ಬಿಟ್ಟರೆ ಮದುವೆ ತಾನಾಗಿ ಮುರಿಯುತ್ತಿತ್ತು. ಇದರಿಂದ ಕಳವಳಗೊಂಡ ಮೌಲಾನಾ ಅಶ್ರಫ್ ಅಲಿ ಥಾನವಿಯವರು 1930ರ ದಶಕದಲ್ಲಿ ಗ್ರಂಥವೊಂದನ್ನು ರಚಿಸಿ, ಮಾಲಿಕಿ ಪಂಥದ ಉದಾರ ನಿಯಮಗಳನ್ನು ಹನಫಿಗಳೂ ಆಶ್ರಯಿಸಬಹುದೆಂದು ತೋರಿಸಿಕೊಟ್ಟರು. ಥಾನವಿಯವರು ಕಟ್ಟಾ ಸಂಪ್ರದಾಯಸ್ಥರೆಂಬುದನ್ನು ವಾಚಕರು ಮರೆಯಬಾರದು.

ಈ ಹಿನ್ನೆಲೆಯಲ್ಲಿ ಬಂದುದು 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯಿದೆ. ನಾಲ್ಕು ವರ್ಷ ಗಂಡನ ಸುಳಿವಿಲ್ಲದಿದ್ದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ, ಕ್ರೌರ್ಯವೆಸಗಿದರೆ, ಹೆಂಡತಿ ನ್ಯಾಯಾಲಯದ ಮೂಲಕ ಬಿಡುಗಡೆ ಪಡೆಯಬಹುದು. ಮತಾಂತರ ಮಾತ್ರದಿಂದ ಆಕೆಯ ಮದುವೆ ಮುರಿಯದೆಂದೂ ಅದೇ ಕಾಯಿದೆ ವಿಧಿಸಿತು.

ಆದರೆ ನಮ್ಮ ಕಾಸರಗೋಡು ಸೇರಿರುವ ಕೇರಳದ ಉಚ್ಚ ನ್ಯಾಯಾಲಯವು 1972ರಲ್ಲಿ, ಈ ಕಾಯಿದೆ ಬಂದ ಮೇಲೆ ಖುಲಾದಂತಹ ನ್ಯಾಯಾಲಯದ ಹೊರಗಿನ ಮಾರ್ಗಗಳು ಹೆಂಡತಿಗೆ ಉಳಿದಿಲ್ಲವೆಂದಿತು. ತೆರೆದ ಬಾಗಿಲೇ ಮತ್ತೊಂದನ್ನು ಮುಚ್ಚಿದಂತಾಯಿತು. 2021ರ ಏಪ್ರಿಲಿನಲ್ಲಿ ಅದೇ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿ, ಖುಲಾ ಆಕೆಯ ಹಕ್ಕೆಂದು ಎತ್ತಿಹಿಡಿಯಿತು.

ಅದಾದ ಮೇಲೆ ಒಮ್ಮೆ, ಅರ್ಜಿ ಬರೆದುಕೊಡಿರೆಂದು ಶಾಲೆಗೆ ಬಂದ ನನ್ನ ಶಿಷ್ಯೆಯೊಬ್ಬಳ ತಾಯಿ ಆರು ವರ್ಷದಿಂದ ಗಂಡನ ದಾರಿ ಕಾಯುತ್ತಿದ್ದರು. 1939ರ ಆ ಕಾಯಿದೆಯ ಹೆಸರನ್ನೂ ಅವರು ಕೇಳಿರಲಿಲ್ಲ.