ಆಡುವ ಮೊದಲೇ ತೂಗುವ ತಕ್ಕಡಿ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಬಾನುಲಿಯ ಜಾಹೀರಾತಿಗೆ ಸಲ್ಲುವಷ್ಟು ಬೇರಾವುದಕ್ಕೂ ಸಲ್ಲದು. ಪತ್ರಿಕೆಯ ಜಾಹೀರಾತನ್ನು ಮತ್ತೊಮ್ಮೆ ಓದಿ ಶಂಕಿಸಬಹುದು. ಕಿವಿಗೆ ಬಿದ್ದ ಮಾತಾದರೋ ಕ್ಷಣದಲ್ಲಿ ಮಾಯವಾಗಿ, ನಂಬಿಕೆಯನ್ನು ಮಾತ್ರ ಮನಸ್ಸಿನಲ್ಲಿ ಉಳಿಸಿಹೋಗುತ್ತದೆ. "ಮೂರೇ ದಿನದಲ್ಲಿ ಮಂಡಿನೋವು ಮಾಯ" ಎಂಬುದನ್ನು ಕೇಳಿ ಮುದುಕಿಯೊಬ್ಬಳು ವೈದ್ಯರ ಮದ್ದನ್ನೇ ಬಿಟ್ಟರೆ, ತರುವಾಯ ಬರುವ ತಿದ್ದುಪಡಿಯಿಂದ ಆಕೆಗೇನು ಫಲ?

ಈ ತೊಡಕಿಗೆ ಬ್ರಿಟನ್ ದೇಶ ಕಂಡುಕೊಂಡ ಏರ್ಪಾಡು ವಿಚಾರಯೋಗ್ಯವಾಗಿದೆ. ಅಲ್ಲಿ ಟೆಲಿವಿಷನ್ನಿನಲ್ಲಿ ಜಾಹೀರಾತು ಮೊದಲಾದುದು 1955ರ ಸೆಪ್ಟೆಂಬರ್ 22ರಂದು. ಇಂದು ಈ ಕೆಲಸ ಮೂರು ಕೈಗಳಲ್ಲಿ ಹಂಚಿಹೋಗಿದೆ. ಪ್ರಸಾರಕರಿಗೆ ಪರವಾನಗಿ ಕೊಡುವುದು ಶಾಸನಬದ್ಧ ಸಂಸ್ಥೆಯಾದ ಆಫ್‌ಕಾಮ್. ಕೇಳುಗರ ದೂರನ್ನು ವಿಚಾರಿಸುವ ಹೊಣೆಯನ್ನು ಅದು 2004ರ ನವೆಂಬರಿನಲ್ಲಿ ಜಾಹೀರಾತು ಮಾನಕ ಪ್ರಾಧಿಕಾರಕ್ಕೆ ವಹಿಸಿತು. ಇನ್ನು ಪ್ರಸಾರಕ್ಕೆ ಮುನ್ನ ಪರೀಕ್ಷಿಸುವವರು ಬೇರೆ: ಟೆಲಿವಿಷನ್ನಿಗೆ 2008ರಿಂದ ಕ್ಲಿಯರ್‌ಕಾಸ್ಟ್, ಬಾನುಲಿಯಲ್ಲಿ ಔಷಧಿ, ಸಾಲ, ಜೂಜು ಮುಂತಾದ ಸೂಕ್ಷ್ಮ ವಿಷಯಗಳಿಗೆ ರೇಡಿಯೋಸೆಂಟರ್.

ಪರೀಕ್ಷಕರು ಮೊದಲು ಬರಹವನ್ನೇ ತರಿಸಿ ಓದುತ್ತಾರೆ. ನೋವು ನೀಗುತ್ತದೆಂದರೆ ಆಧಾರವೆಲ್ಲಿ ಎಂದು ಕೇಳುತ್ತಾರೆ. ಆ ಆಧಾರವನ್ನು ತಜ್ಞರಿಗೆ ತೋರಿಸುತ್ತಾರೆ. ಮಕ್ಕಳ ಕಾರ್ಯಕ್ರಮದ ಹೊತ್ತಿನಲ್ಲಿ ಬೇಡವೆಂದು ವೇಳೆಯ ಕಟ್ಟನ್ನೂ ಹಾಕುವುದುಂಟು.

ಹಾಗೆ ಒಪ್ಪಿಗೆ ಪಡೆದುದೆಲ್ಲ ನಿರ್ದೋಷವೆಂದಲ್ಲ. ಪಾಠ ಹೇಳಿದವನೇ ಉತ್ತರಪತ್ರಿಕೆ ತಿದ್ದಬಾರದೆಂಬ ನ್ಯಾಯ ಇಲ್ಲಿಯೂ ಇದೆ. ದೂರು ಬಂದಾಗ ಪ್ರಾಧಿಕಾರವು ಪರೀಕ್ಷಕರ ಸಮಜಾಯಿಷಿಯನ್ನು ಕೇಳುತ್ತದೆ; ಆದರೆ ಅವರ ಒಪ್ಪಿಗೆಗೆ ಕಟ್ಟುಬೀಳದೆ ತಾನೇ ತೀರ್ಪು ಕೊಡುತ್ತದೆ. ಇಬ್ಬರ ಕೈಯಲ್ಲಿಯೂ ಇರುವ ನಿಯಮಾವಳಿ ಮಾತ್ರ ಒಂದೇ. ಇಂದಿನ ತೀರ್ಪು ಪರೀಕ್ಷಕರಿಗೆ ನಾಳೆಯ ಪಾಠವಾಗುತ್ತದೆ. ಪ್ರಸಾರಕನು ತೀರ್ಪನ್ನು ಮೀರಿದರೆ ವಿಷಯ ಆಫ್‌ಕಾಮಿಗೆ ಹೋಗುತ್ತದೆ. ಅದಕ್ಕೆ ದಂಡ ಹಾಕುವ, ಪರವಾನಗಿಯನ್ನೇ ಕಿತ್ತುಕೊಳ್ಳುವ ಅಧಿಕಾರವುಂಟು.

ನಮ್ಮಲ್ಲಿ ವಿವಿಧ ಭಾರತಿಯ ವಾಣಿಜ್ಯ ಪ್ರಸಾರ ಮೊದಲಾದುದು 1967ರಲ್ಲಿ. ಜಾಹೀರಾತಿನ ಮೇಲಿನ ದೂರುಗಳನ್ನು ವಿಚಾರಿಸುವ ಭಾರತೀಯ ಜಾಹೀರಾತು ಮಾನಕ ಮಂಡಳಿ ಹುಟ್ಟಿದುದು 1985ರಲ್ಲಿ. ಎಲ್ಲಿಯೇ ಆಗಲಿ, ಪರೀಕ್ಷಕನ ಕಣ್ಣಿಗೆ ತಪ್ಪಿದ ಸುಳ್ಳನ್ನು ಹಿಡಿಯಬೇಕಾದುದು ಕೇಳುಗನ ಕಿವಿಯೇ. ಬ್ರಿಟನ್ನಿನಲ್ಲಿ ವಿಚಾರಣೆ ತೊಡಗಲು ಒಬ್ಬನೇ ಒಬ್ಬನ ದೂರು ಸಾಕು. ಅನುಮಾನ ಬಂದಾಗ ಒಂದು ಕಾಗದ ಬರೆಯುವ ಶ್ರಮವನ್ನು ನಾವೂ ವಹಿಸಿದರೆ, ಆ ಮುದುಕಿಯ ಮದ್ದು ಉಳಿದೀತು.