ಶೆಡ್ಡಿಗೆ ಬಂದ ಕೂಡಲೇ ವಾಸಿಯಾಗುವ ಕಾಯಿಲೆ

"ಬೆಳಿಗ್ಗೆ ಏನು ಮಾಡಿದರೂ ಸೆಲ್ಫ್ ತಗೊಳ್ಳಲಿಲ್ಲ ಅಣ್ಣಾ, ಈಗ ನೋಡಿದ್ರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗ್ತಿದೆ." ಆಟೋ ಎಲೆಕ್ಟ್ರೀಷಿಯನ್ನರ ಅಂಗಡಿ ಮುಂದೆ ಅರ್ಧ ದಿನ ನಿಂತರೆ ಈ ಮಾತು ಕಿವಿಗೆ ಬೀಳದೆ ಇರದು. ಪಂಕ್ಚರ್ ಆದ ಟೈರು ಕಣ್ಣಿಗೆ ಕಾಣುತ್ತದೆ, ಸವೆದ ಬ್ರೇಕ್ ಪ್ಯಾಡು ಕಿರುಗುಟ್ಟಿ ತಾನೇ ದೂರು ಕೊಡುತ್ತದೆ. ಒಮ್ಮೆ ಸ್ಟಾರ್ಟ್ ಆಗಿ ಇನ್ನೊಮ್ಮೆ ಆಗದ ಕಾರು ಮಾತ್ರ ಮದುವೆ ಛತ್ರದ ಮುಂದೆ, ಪೆಟ್ರೋಲ್ ಬಂಕಿನ ಸಾಲಿನಲ್ಲಿ ಮಾನ ಕಳೆದು, ಶೆಡ್ಡಿಗೆ ಬಂದ ಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಸಾಧುವಾಗಿ ನಿಲ್ಲುತ್ತದೆ. ಕಣ್ಣೆದುರು ಇಲ್ಲದ ದೋಷವನ್ನು ಹುಡುಕಬೇಕು. ಈ ಕಸುಬಿನವರ ಕೈ ಪಳಗಿದೆಯೋ ಇಲ್ಲವೋ ಗೊತ್ತಾಗುವುದು ಆಗಲೇ.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಸಂದಿಗೊಂದಿಯಿಂದ ಹಿಡಿದು ತಾಲ್ಲೂಕು ಕೇಂದ್ರದ ತಗಡಿನ ಶೆಡ್ಡಿನವರೆಗೆ ಇವರ ಬೋರ್ಡು ಹೆಚ್ಚುಕಡಿಮೆ ಒಂದೇ: ಡೈನಮೋ, ಸೆಲ್ಫ್ ಮೋಟಾರ್, ವೈರಿಂಗ್ ಕೆಲಸ ಮಾಡಿಕೊಡಲಾಗುವುದು. ಕಾರುಗಳಲ್ಲಿ ಡೈನಮೋ ಹೋಗಿ ಆಲ್ಟರ್ನೇಟರ್ ಬಂದು ದಶಕಗಳಾದವು, ಬೋರ್ಡು ಬರೆಯುವವರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಮೆಕ್ಯಾನಿಕ್ ಬೇರೆ, ಎಲೆಕ್ಟ್ರೀಷಿಯನ್ ಬೇರೆ. ಎಂಜಿನ್ ಬಿಚ್ಚಿ ಜೋಡಿಸುವ ಮೇಸ್ತ್ರಿಯೂ "ಇದು ಕರೆಂಟಿನ ಕೇಸು, ಎಲೆಕ್ಟ್ರೀಷಿಯನ್ ಹತ್ರ ತೋರಿಸಿ" ಎಂದು ಕೈತೊಳೆದುಕೊಳ್ಳುತ್ತಾನೆ. ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್‌ ಎಂಬ 2 ವರ್ಷದ ತರಬೇತಿ ಇದೆ, ಅದರಲ್ಲಿ ವೈರಿಂಗ್ ಪಾಠವೂ ಉಂಟು. ಆದರೂ ಶೆಡ್ಡುಗಳಲ್ಲಿ ಕೂತ ಅನೇಕರು ಹುಡುಗರಾಗಿದ್ದಾಗ ಸ್ಪ್ಯಾನರ್ ಎತ್ತಿಕೊಡುತ್ತ, ಬೈಸಿಕೊಳ್ಳುತ್ತ ಕಲಿತವರು.

ಸೆಲ್ಫ್ ಮೋಟಾರಿನ ಹುಟ್ಟನ್ನು ತಿಳಿದರೆ ಅದರ ಕಾಯಿಲೆಯೂ ಅರ್ಧ ತಿಳಿದಂತೆ. ಮೊದಲು ಕಾರುಗಳನ್ನು ಮುಂದಿನಿಂದ ಹ್ಯಾಂಡಲ್ ತಿರುಗಿಸಿ ಎಬ್ಬಿಸಬೇಕಿತ್ತು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಮುಂಗೈ ಮುರಿಯುತ್ತಿತ್ತು. 1912ರ ಕ್ಯಾಡಿಲಾಕ್ ಕಾರುಗಳಿಗೆ ಅಮೆರಿಕದ ಚಾರ್ಲ್ಸ್ ಕೆಟ್ಟರಿಂಗ್ ಎಲೆಕ್ಟ್ರಿಕ್ ಸ್ಟಾರ್ಟರ್ ಕೂರಿಸಿದ. ಅದಕ್ಕೂ ಮೊದಲು ಅವನು ಅಂಗಡಿಯ ಗಲ್ಲಾಪೆಟ್ಟಿಗೆ ಯಂತ್ರಕ್ಕೆ ಮೋಟಾರು ಜೋಡಿಸಿದ್ದವನು. ಕೆಲವೇ ಕ್ಷಣ ದುಡಿಯಬೇಕಾದ ಮೋಟಾರು ದೊಡ್ಡದಿರಬೇಕಿಲ್ಲ, ಆ ಕ್ಷಣದ ಮಟ್ಟಿಗೆ ಅದರ ಮೇಲೆ ಶಕ್ತಿಮೀರಿ ಭಾರ ಹಾಕಬಹುದು ಎಂಬುದು ಅಲ್ಲಿ ಕಂಡುಕೊಂಡ ಸೂತ್ರ. ಇಂದಿಗೂ ಸೆಲ್ಫ್ ಮೋಟಾರು ಬದುಕಿರುವುದು ಅದೇ ಸೂತ್ರದ ಮೇಲೆ. ಕಾರಿನಲ್ಲಿ ಬೇರಾವುದೂ ಎಳೆಯದಷ್ಟು ಕರೆಂಟನ್ನು, ಸಣ್ಣ ಕಾರಿನಲ್ಲೂ ನೂರು ಆಂಪಿಯರಿಗಿಂತ ಹೆಚ್ಚನ್ನು, ಅದು ಒಂದೆರಡು ಸೆಕೆಂಡಿನಲ್ಲಿ ಎಳೆದುಬಿಡುತ್ತದೆ. ಹೀಗಾಗಿ ಹೆಡ್‌ಲೈಟಿಗೆ, ಹಾರ್ನಿಗೆ, ರೇಡಿಯೋಗೆ ತೊಂದರೆಯೇ ಕೊಡದ ಚಿಕ್ಕ ಕೊಳೆ, ಸಡಿಲು, ಕಿಲುಬು ಸೆಲ್ಫ್ ಹೊಡೆದಾಗ ಮಾತ್ರ ಬೆಟ್ಟವಾಗುತ್ತದೆ.

ಒಳ್ಳೆಯ ಎಲೆಕ್ಟ್ರೀಷಿಯನ್ ಬಾನೆಟ್ ಎತ್ತುವುದಕ್ಕೆ ಮುಂಚೆ ಕೇಳುವುದು ಸದ್ದಿನ ವಿಚಾರ. ಸ್ಟಾರ್ಟ್ ಆಗದಿದ್ದಾಗ ಎಂಜಿನ್ ತಿರುಗಿತಾ? ಬರೀ 'ಟಕ್' ಅಂತಾ? 'ಟಕಟಕಟಕ' ಅಂತಾ? ಏನೂ ಇಲ್ಲವಾ? ಆಗ ಮೀಟರಿನ ದೀಪಗಳು ಮಂಕಾದವಾ, ಹಾಗೇ ಉರಿಯುತ್ತಿದ್ದವಾ? ಮಾಲೀಕರು ಇದಕ್ಕೆಲ್ಲ "ಬ್ಯಾಟರಿ ವೀಕ್ ಇರಬೇಕು" ಎಂದು ಉತ್ತರಿಸುತ್ತಾರೆ. ಕೇಳಿದ್ದು ಕಾಯಿಲೆಯ ಲಕ್ಷಣ, ಬಂದಿದ್ದು ಔಷಧಿಯ ಹೆಸರು. ಟಕಟಕ ಎಂದು ದೀಪ ಮಂಕಾದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್ಲು. ದೀಪ ಹಾಗೇ ಇದ್ದು ಒಂದೇ ಒಂದು ಟಕ್ ಬಂದರೆ ಸ್ಟಾರ್ಟರಿನ ಕಡೆ ಹೋಗಬೇಕು. ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ ಅದು ಸೆಲ್ಫಿನ ಕೇಸೇ ಅಲ್ಲ, ಪೆಟ್ರೋಲು ಅಥವಾ ಕಿಡಿ. ಈ ಮೂರನ್ನೂ 'ಸ್ಟಾರ್ಟಿಂಗ್ ಟ್ರಬಲ್' ಎಂದು ಒಂದೇ ಮೂಟೆಗೆ ಕಟ್ಟಿದ್ದರಿಂದ ಎಷ್ಟು ಒಳ್ಳೆಯ ಬ್ಯಾಟರಿಗಳು ಗುಜರಿ ಸೇರಿದವೋ!

ಇವರ ಮೊದಲ ಆಯುಧ ಟೆಸ್ಟ್ ಲ್ಯಾಂಪ್. ಹಳೆಯ ಇಂಡಿಕೇಟರ್ ಹೋಲ್ಡರಿಗೆ 21 ವ್ಯಾಟಿನ ಬಲ್ಬು ಸಿಕ್ಕಿಸಿ, ಎರಡು ವೈರು ಬಿಟ್ಟು, ಒಂದಕ್ಕೆ ಕ್ಲಿಪ್ಪು, ಇನ್ನೊಂದಕ್ಕೆ ಮೊನೆ. ಡಿಜಿಟಲ್ ಮೀಟರ್ ಇಟ್ಟುಕೊಂಡವರು ಇದನ್ನು ನೋಡಿ ಮೂಗು ಮುರಿಯುತ್ತಾರೆ. ಆದರೆ ಹತ್ತಾರು ಎಳೆಗಳು ಕಿಲುಬು ಹಿಡಿದು ಒಂದೇ ಎಳೆ ಉಳಿದಿರುವ ವೈರಿನಲ್ಲಿ ಮೀಟರ್ ನಿಶ್ಚಿಂತೆಯಿಂದ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಕರೆಂಟನ್ನು ಬಹುತೇಕ ಎಳೆಯುವುದೇ ಇಲ್ಲ. ಬಲ್ಬು ಎರಡು ಆಂಪಿಯರಿನ ಹತ್ತಿರ ಎಳೆಯುತ್ತದೆ, ಸತ್ತ ವೈರಿನ ಬಂಡವಾಳ ಅಲ್ಲೇ ಬಯಲಾಗುತ್ತದೆ.

ಮೀಟರಿಗೂ ಅದರದೇ ಜಾಗವಿದೆ. ಮಧ್ಯಾಹ್ನ ಬಿಸಿಲಲ್ಲಿ ಓಡಿಬಂದು ಹತ್ತು ನಿಮಿಷ ನಿಲ್ಲಿಸಿದ ಮೇಲೆ ಮಾತ್ರ ಕೈಕೊಡುವ ಕಾರನ್ನು ತೆಗೆದುಕೊಳ್ಳಿ. ಬ್ಯಾಟರಿ 12.6 ವೋಲ್ಟ್, ಅಂದರೆ ತುಂಬಿದೆ. ಒಬ್ಬ ಹುಡುಗ ಕೀ ತಿರುಗಿಸುತ್ತಾನೆ. ಒಂದು ಟಕ್, ಬ್ಯಾಟರಿಯ ವೋಲ್ಟೇಜ್ ಕದಲುವುದೇ ಇಲ್ಲ. ಎಂಜಿನ್ ತಿರುಗಿಸುವಾಗ ಬ್ಯಾಟರಿ 10 ವೋಲ್ಟಿನ ಆಸುಪಾಸಿಗೆ ಇಳಿಯುವುದು ಸಹಜ. ಇಳಿಯಲೇ ಇಲ್ಲವೆಂದರೆ ಕರೆಂಟು ಮೋಟಾರಿಗೆ ಹೋಗಿಲ್ಲ. ಮೀಟರಿನ ಒಂದು ಮೊನೆ ಸ್ಟಾರ್ಟರಿಗೆ ಬ್ಯಾಟರಿ ಕೇಬಲ್ ಬಂದು ಸೇರುವ ಬೋಲ್ಟಿಗೆ, ಇನ್ನೊಂದು ಅಲ್ಲಿಂದ ಮೋಟಾರಿಗೆ ಹೋಗುವ ಬೋಲ್ಟಿಗೆ. ಎರಡು ಬೋಲ್ಟುಗಳ ಅಂತರ ಒಂದೆರಡು ಅಂಗುಲ. ಕೀ ತಿರುಗಿಸಿ ಹಿಡಿದಾಗ ಇವೆರಡರ ನಡುವೆ ಸೊನ್ನೆಗೆ ಹತ್ತಿರದ ವೋಲ್ಟೇಜ್ ಇರಬೇಕು. ಕಾಣುತ್ತಿರುವುದು 12. ಕಳ್ಳ ಸಿಕ್ಕ.

ಆ ಎರಡು ಬೋಲ್ಟುಗಳಿರುವುದು ಸೊಲೆನಾಯ್ಡಿನ ಮೇಲೆ, ಅಂದರೆ ಸುರುಳಿಗೆ ಕರೆಂಟು ಬಂದಾಗ ಅಯಸ್ಕಾಂತದಂತೆ ಎಳೆಯುವ ಸ್ವಿಚ್ಚಿನ ಮೇಲೆ. ಅದನ್ನು ಬಿಚ್ಚಿದರೆ ಒಳಗೆ ನಾಣ್ಯದಷ್ಟಗಲದ ತಾಮ್ರದ ಬಿಲ್ಲೆ. ಸೊಲೆನಾಯ್ಡ್ ಎಳೆದಾಗ ಅದು ಹೋಗಿ ಎರಡು ತಾಮ್ರದ ಕಾಂಟ್ಯಾಕ್ಟುಗಳಿಗೆ ಬಡಿದು ದಾರಿ ಕೂಡಿಸಬೇಕು. ಸಾವಿರಾರು ಸಲ ಕಿಡಿ ಹಾರಿ ಬಿಲ್ಲೆಯ ಅಂಚು ಕರಿಹಿಡಿದು ಗುಳಿಬಿದ್ದಿರುತ್ತದೆ. ಬಿಲ್ಲೆ ತನ್ನಷ್ಟಕ್ಕೆ ಅಷ್ಟಿಷ್ಟು ತಿರುಗುತ್ತಲೂ ಇರುತ್ತದೆ. ಒಳ್ಳೆಯ ಭಾಗ ಎದುರಿಗೆ ಬಂದರೆ ಗಾಡಿ ಸ್ಟಾರ್ಟ್, ಗುಳಿ ಬಂದರೆ ಬರೀ ಟಕ್. ಬಿಸಿಲಿನ ಪಾತ್ರವೂ ಇದೆ. ಸುರುಳಿಯ ತಾಮ್ರ 50 ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ಪ್ರತಿರೋಧ ಶೇ 20ರಷ್ಟು ಏರುತ್ತದೆ, ಸೊಲೆನಾಯ್ಡಿನ ಎಳೆತ ಅಷ್ಟರಮಟ್ಟಿಗೆ ಸಡಿಲ. ಬೆಳಿಗ್ಗೆ ಒತ್ತಿ ಕೂರುತ್ತಿದ್ದ ಬಿಲ್ಲೆ ಮಧ್ಯಾಹ್ನ ಬರೀ ಮುಟ್ಟಿ ಸುಮ್ಮನಾಗುತ್ತದೆ. ಹೆದ್ದಾರಿ ಬದಿಯಲ್ಲಿ ಲಾರಿ ಡ್ರೈವರು ವ್ಹೀಲ್ ಸ್ಪ್ಯಾನರಿನಿಂದ ಸ್ಟಾರ್ಟರಿಗೆ ಎರಡು ಕುಟ್ಟಿ ಗಾಡಿ ಎಬ್ಬಿಸುವ ವಿದ್ಯೆ ಮಂತ್ರವಲ್ಲ. ಬಿಲ್ಲೆಯನ್ನೋ ಮೋಟಾರಿನೊಳಗೆ ಸವೆದು ಸಿಕ್ಕಿಕೊಂಡ ಕಾರ್ಬನ್ ಬ್ರಷ್ಷನ್ನೋ ಅದು ಕದಲಿಸುತ್ತದೆ. ಕುಟ್ಟಿದಾಗ ಎದ್ದ ಗಾಡಿ ತನ್ನ ರೋಗ ಎಲ್ಲಿದೆಯೆಂದು ಆಗಲೇ ಹೇಳಿಬಿಟ್ಟಿರುತ್ತದೆ.

ಜನ ಮರೆಯುವ ಇನ್ನೊಂದು ಜಾಗ ಅರ್ತ್. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಅದರಿಂದ ಬಾಡಿಗೆ ಒಂದು ಹೆಣೆದ ಪಟ್ಟಿಯೋ ಕೇಬಲ್ಲೋ ಇಲ್ಲದಿದ್ದರೆ ಹೋದ ಕರೆಂಟಿಗೆ ಮರಳಲು ದಾರಿಯಿಲ್ಲ. ಕರಾವಳಿಯ ಉಪ್ಪುಗಾಳಿಗೆ ಈ ಪಟ್ಟಿಯ ಬುಡ ಬೇಗ ಹಸಿರಾಗುತ್ತದೆ. ಅಲ್ಲಿ 0.02 ಓಮ್ ಪ್ರತಿರೋಧ ಕೂತರೂ ಸಾಕು, 150 ಆಂಪಿಯರ್ ಹರಿಯಬೇಕಾದಲ್ಲಿ 3 ವೋಲ್ಟ್ ಅಲ್ಲೇ ಸುಟ್ಟುಹೋಗುತ್ತದೆ. ಸಾಮಾನ್ಯ ಮೀಟರಿನಲ್ಲಿ ಅಷ್ಟು ಸಣ್ಣ ಓಮ್ ಅಳೆಯಲಾಗದು, ಸೆಲ್ಫ್ ಹೊಡೆಯುತ್ತಲೇ ವೋಲ್ಟೇಜ್ ನೋಡಬೇಕು. ಹಳೆಯ ಗಾಡಿಗಳಲ್ಲಿ ಅರ್ತ್ ಕೆಟ್ಟಾಗ ಕರೆಂಟು ಕ್ಲಚ್ ಕೇಬಲಿನ ಮೂಲಕ ದಾರಿ ಹುಡುಕಿ, ಆ ಕೇಬಲ್ಲೇ ಬಿಸಿಯಾಗಿ ಹೊಗೆಯಾಡುವುದುಂಟು. ಮಾಲೀಕ ಕ್ಲಚ್ ಕೇಬಲ್ ಬದಲಾಯಿಸಿ ಮನೆಗೆ ಹೋಗುತ್ತಾನೆ, ಸಮಸ್ಯೆಯೂ ಅವನ ಜೊತೆಗೇ ಹೋಗುತ್ತದೆ.

ಈಚಿನ ಕಾರುಗಳಲ್ಲಿ ಅನುಮಾನಿಸಬೇಕಾದ ಜಾಗಗಳು ಹೆಚ್ಚಿವೆ. ಕ್ಲಚ್ ಪೂರ್ತಿ ಒತ್ತದಿದ್ದರೆ ಸೆಲ್ಫ್ ಬಿಡದ ಸ್ವಿಚ್ಚು, ಕೀಯೊಳಗಿನ ಚಿಪ್ಪನ್ನು ಗುರುತಿಸದೆ ಎಂಜಿನ್ ಹತ್ತಗೊಡದ ಇಮ್ಮೊಬಿಲೈಸರ್, ಬಿಸಿಯಾದಾಗ ಸುಮ್ಮನಾಗಿ ತಣ್ಣಗಾದಾಗ ಮತ್ತೆ ಬದುಕುವ ಕ್ರ್ಯಾಂಕ್ ಸೆನ್ಸರ್. ಸ್ಕ್ಯಾನರ್ ಇದರಲ್ಲಿ ನೆರವಾಗುತ್ತದೆ. ಆದರೆ ಅದು ಓದುವುದು ಕಂಪ್ಯೂಟರ್ ಗಮನಿಸಿ ಬರೆದಿಟ್ಟದ್ದನ್ನು ಮಾತ್ರ. ಬೋಲ್ಟಿನಡಿಯ ಕಿಲುಬಿಗೆ ಕೋಡ್ ನಂಬರ್ ಇಲ್ಲ. ಕೋಡ್ ಬರಲಿಲ್ಲ, ಆದ್ದರಿಂದ ದೋಷವಿಲ್ಲ ಎನ್ನುವವನನ್ನು ನಾನಂತೂ ಎಲೆಕ್ಟ್ರೀಷಿಯನ್ ಎಂದು ಕರೆಯಲಾರೆ.

ಶೆಡ್ಡಿನಲ್ಲಿ ಎಷ್ಟು ಕಾಯ್ದರೂ ದೋಷ ಹೊರಬರದಿದ್ದರೆ ಬಲ್ಲವರು ಒಂದು ಉಪಾಯ ಮಾಡುತ್ತಾರೆ. ಕೀ ತಿರುಗಿಸಿದಾಗ ಸ್ಟಾರ್ಟರಿಗೆ ಆಜ್ಞೆ ಒಯ್ಯುವ ಸಣ್ಣ ವೈರಿನಿಂದ ಒಂದು ಕವಲು ತೆಗೆದು, ಡ್ಯಾಶ್‌ಬೋರ್ಡಿನ ಕೆಳಗೆ ಪುಟ್ಟ ಬಲ್ಬು ಕಟ್ಟಿ, ಗಾಡಿಯನ್ನು ಮಾಲೀಕನಿಗೇ ಒಪ್ಪಿಸುತ್ತಾರೆ. "ಮುಂದಿನ ಸಲ ಸ್ಟಾರ್ಟ್ ಆಗದಿದ್ದಾಗ ಇದು ಉರಿಯಿತಾ ನೋಡಿ ಫೋನ್ ಮಾಡಿ." ಉರಿದರೆ ಕೀ, ರಿಲೇ, ಕ್ಲಚ್ ಸ್ವಿಚ್ಚು ಎಲ್ಲ ನಿರ್ದೋಷಿ, ಹುಡುಕಾಟ ಸ್ಟಾರ್ಟರಿಗೂ ಅರ್ತಿಗೂ ಇಳಿಯುತ್ತದೆ. ಉರಿಯದಿದ್ದರೆ ಸ್ಟಾರ್ಟರನ್ನು ಬಿಚ್ಚುವ ಪ್ರಮೇಯವೇ ಇಲ್ಲ. ಈಗೀಗ ವಾಟ್ಸ್‌ಆ್ಯಪ್ ವಿಡಿಯೊ ಕಳಿಸಿ ಎನ್ನುವವರೂ ಇದ್ದಾರೆ, ದೀಪವೂ ಸದ್ದೂ ಒಟ್ಟಿಗೆ ಸಿಗುತ್ತವೆ.

ಕಷ್ಟವಿರುವುದು ಕೂಲಿಯಲ್ಲಿ. ಹೊಸ ಸ್ಟಾರ್ಟರ್ ಹಾಕಿ ಸಾವಿರಾರು ರೂಪಾಯಿ ಬಿಲ್ ಕೊಟ್ಟರೆ ಗಿರಾಕಿ ತಕರಾರಿಲ್ಲದೆ ಎಣಿಸುತ್ತಾನೆ. ಎರಡು ಗಂಟೆ ಹುಡುಕಿ, ಒಂದು ಬೋಲ್ಟು ಬಿಚ್ಚಿ ಉಜ್ಜಿ ಬಿಗಿ ಮಾಡಿದವನಿಗೆ "ಏನು ಹಾಕಿದೆ ಅಂತ ಇಷ್ಟು ಕೇಳ್ತೀಯಾ?" ಎನ್ನುತ್ತಾನೆ. ಹುಡುಕಿದ್ದಕ್ಕೆ ಕಾಸು ಹುಟ್ಟದ ಕಡೆ ಬುದ್ಧಿವಂತ ಹುಡುಗ ಹುಡುಕುವುದನ್ನು ಬಿಟ್ಟು ಬದಲಾಯಿಸುವುದನ್ನು ಕಲಿಯುತ್ತಾನೆ. ಅಂದಾಜಿನ ರಿಪೇರಿ ಹೆಚ್ಚಿದೆಯೆಂದು ದೂರುವ ನಾವೇ ಅದಕ್ಕೆ ಬೆಲೆ ಕಟ್ಟಿದವರು. ಕೆಲವು ಅಂಗಡಿಗಳವರು ಈಗ ಚೆಕಿಂಗ್ ಚಾರ್ಜ್ ಇಷ್ಟು ಎಂದು ಮೊದಲೇ ಹೇಳಿಬಿಡುತ್ತಾರೆ. ಒಪ್ಪದವರು ಪಕ್ಕದ ಅಂಗಡಿಗೆ ಹೋಗಿ ಬ್ಯಾಟರಿ ಬದಲಾಯಿಸಿಕೊಳ್ಳುತ್ತಾರೆ.

ಎಲೆಕ್ಟ್ರಿಕ್ ಕಾರು ಬಂದರೆ ಸೆಲ್ಫ್ ಮೋಟಾರೂ ಹೋಯಿತು, ಈ ಕಸುಬೂ ಹೋಯಿತು ಎನ್ನುವವರು ಅವಸರ ಪಡುತ್ತಿದ್ದಾರೆ. ಅವುಗಳಲ್ಲೂ ದೊಡ್ಡ ಬ್ಯಾಟರಿಯ ಜೊತೆಗೆ ಸಾಮಾನ್ಯವಾಗಿ 12 ವೋಲ್ಟಿನ ಪುಟ್ಟದೊಂದು ಇರುತ್ತದೆ. ಕಂಪ್ಯೂಟರು, ಬೀಗ, ದೊಡ್ಡ ಬ್ಯಾಟರಿಯನ್ನು ಕೂಡಿಸುವ ಕಾಂಟ್ಯಾಕ್ಟರ್ ಎಲ್ಲ ನಡೆಯುವುದು ಅದರಿಂದ. ಅದು ಕೈಕೊಟ್ಟರೆ ನೂರಾರು ಕಿಲೋಮೀಟರಿನ ಚಾರ್ಜ್ ಇದ್ದೂ ಕಾರು ಏಳುವುದಿಲ್ಲ. ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುವುದರಿಂದ, ತರಬೇತಿಯಿಲ್ಲದವರು ಅತ್ತ ಕೈ ಹಾಕುವಂತಿಲ್ಲ. 12 ವೋಲ್ಟಿನ ಕಡೆ ಸಡಿಲ ಟರ್ಮಿನಲ್ಲು, ಇಲಿ ಕಡಿದ ವೈರು, ಅರ್ತಿನ ಕಿಲುಬು ಎಲ್ಲ ಮೊದಲಿನಂತೆಯೇ ಇವೆ.